ಬಿಳಿ ಕುದುರೆ ಬಿಳಿಯೇ?

ಮೂರು ವರ್ಷದ ಹಿಂದೆ ನಾನೊಂದು ಜೋಕ್ ಹೊಡೆದೆ. ಜೋಕ್ ಚೆನ್ನಾಗಿಯೇ ಇತ್ತು, ಅದೇ ತೊಂದರೆ.

ಪರಿಚಯದವರೊಬ್ಬರ ಮನೆಯ ಗೃಹಪ್ರವೇಶ. ಮಧ್ಯಾಹ್ನದ ಪಂಕ್ತಿ. ನನ್ನ ಪಕ್ಕದ ಎಲೆಗೆ ಕೂತವನು ಕಾಲೇಜಿನ ದಿನಗಳಿಂದ ಜೊತೆಗಿರುವ ಗೆಳೆಯ. ಅವನು ಹತ್ತು ದಿನದ ವಿಪಸ್ಸನ ಶಿಬಿರಕ್ಕೆ, ಅಂದರೆ ಬೌದ್ಧ ಧ್ಯಾನದ ಶಿಬಿರಕ್ಕೆ, ಹೋಗಿ ಬಂದಿದ್ದ. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ, ಒಂಬತ್ತು ದಿನ ಬಾಯಿಗೆ ಬೀಗ, ರಾತ್ರಿ ಊಟವಿಲ್ಲ. ನಿಮಗೂ ಯಾರಾದರೂ ಹೇಳಿಯೇ ಇರುತ್ತಾರೆ, ಹೋಗಿ ಬಂದವರು ಹೇಳದೆ ಬಿಡುವುದಿಲ್ಲ. ಹುಳಿ ಅನ್ನ ಕಲಸುತ್ತಾ ಇವನು ಶುರು ಮಾಡಿದ. ‘ಉಸಿರು ನೋಡ್ತಾ ಕೂತ್ಕೋ. ಮೈಯಲ್ಲಿ ಏನೇನೋ ಏಳುತ್ತೆ, ಹೋಗುತ್ತೆ. ನೋಡ್ತಾ ಹೋದ್ರೆ ನಾನು ಅನ್ನೋದು ಅಲ್ಲೆಲ್ಲೂ ಸಿಗಲ್ಲ ಕಣೋ.’ ನಾನು ಕೇಳಿದೆ, ‘ಸರಿ, ಸಿಗಲ್ಲ ಅಂತ ನೋಡಿದವನು ಯಾರು?’

ಅವನ ಕೈ ಎಲೆಯ ಮೇಲೆ ನಿಂತಿತು. ಯೋಚನೆ ಮಾಡುತ್ತಿದ್ದ. ಐದಾರು ಸೆಕೆಂಡ್ ಇರಬಹುದು. ಅಷ್ಟರಲ್ಲಿ ನಾನು ಬಾಯಿ ಹಾಕಿದೆ. ‘ಒಂಬತ್ತು ದಿನ ಸುಮ್ನಿದ್ದಿದ್ದನ್ನ ಒಂಬತ್ತು ತಿಂಗಳಿಂದ ಹೇಳ್ತಾನೇ ಇದ್ದೀಯಲ್ಲೋ ಮಾರಾಯ. ತಿಂಗಳು ತುಂಬ್ತು, ಇನ್ನಾದ್ರೂ ಹೆತ್ಬಿಡು!’

ಇಡೀ ಪಂಕ್ತಿ ನಕ್ಕಿತು. ಹೋಳಿಗೆ ಬಡಿಸುತ್ತಿದ್ದ ಹುಡುಗ ತಟ್ಟೆ ಹಿಡಿದುಕೊಂಡೇ ನಕ್ಕ. ಗೆಳೆಯನೂ ನಕ್ಕ. ಆಮೇಲೆ ಮಾತು ಮಳೆ, ಸೈಟಿನ ರೇಟು ಅಂತ ಎಲ್ಲೆಲ್ಲಿಗೋ ಹೋಯಿತು. ಆ ಜೋಕನ್ನು ನಾನು ಇನ್ನೂ ಎರಡು ಮೂರು ಕಡೆ ಹೇಳಿ ನಗಿಸಿದ್ದೂ ಉಂಟು. ಒಂದು ವರ್ಷದ ಮೇಲೆ ಗಮನಕ್ಕೆ ಬಂತು: ಅವನು ನನ್ನ ಹತ್ತಿರ ಧ್ಯಾನದ ವಿಷಯ ಮತ್ತೆ ಎತ್ತಿರಲೇ ಇಲ್ಲ. ಜಗಳವಿಲ್ಲ, ಮುನಿಸಿಲ್ಲ. ಫೋನ್ ಮಾಡುತ್ತಾನೆ, ಬರುತ್ತಾನೆ. ಆ ಒಂದು ಬಾಗಿಲು ಮಾತ್ರ ಹಾಕಿದೆ.

ತಮಾಷೆ ಮಾಡಬಾರದಿತ್ತಾ? ಹಾಗಂತ ನನಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಅಧ್ಯಾತ್ಮದ ಮಾತು ಬಂದ ಕೂಡಲೇ ಮುಖ ಗಂಟು ಹಾಕಿಕೊಂಡು ಕೂರುವವರನ್ನು ಕಂಡರೆ ನನಗೆ ಈಗಲೂ ಕಿರಿಕಿರಿ. ಹಾಗಿದ್ದರೆ ತಪ್ಪಾಗಿದ್ದು ಎಲ್ಲಿ? ಅದನ್ನು ಹಚ್ಚಿಕೊಂಡಿದ್ದಾಗಲೇ ಬೈಲಕುಪ್ಪೆಗೆ ಹೋಗಿದ್ದು.

ಚಪ್ಪಾಳೆಯ ಅಂಗಳ

ಬೈಲಕುಪ್ಪೆ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೋಲ್ಡನ್ ಟೆಂಪಲ್. ಮಡಿಕೇರಿಗೆ ಹೋಗುವ ದಾರಿಯಲ್ಲಿ ಇಳಿದು, ಮೂರು ದೊಡ್ಡ ಚಿನ್ನದ ಮೂರ್ತಿಗಳ ಮುಂದೆ ಫೋಟೋ ತೆಗೆಸಿಕೊಂಡು, ಮೋಮೋ ತಿಂದು ಹೊರಡುವ ಜಾಗ. ನಾನೂ ನಾಲ್ಕೈದು ಸಲ ಹಾಗೇ ಮಾಡಿದ್ದೆ. ಈ ಸಲ ಟೀ ಅಂಗಡಿಯ ಯಜಮಾನರು ಸಂಜೆ ಸೆರಾ ಮಠದ ಕಡೆ ಹೋಗಿ ಬನ್ನಿ ಅಂದರು. ಟಿಬೆಟಿನವರು, ಆದರೆ ಹುಟ್ಟಿದ್ದು ಇಲ್ಲೇ. ನಾನು ಹಿಂದಿಯಲ್ಲಿ ಶುರು ಮಾಡಿದರೆ ಅವರು ಪಿರಿಯಾಪಟ್ಟಣದ ಕನ್ನಡದಲ್ಲಿ ಉತ್ತರ ಕೊಟ್ಟರು. ‘ಅಲ್ಲಿ ಸಾಯಂಕಾಲ ಜಗಳ ಆಡ್ತಾರೆ, ನೋಡಕ್ಕೆ ಚೆನ್ನಾಗಿರ್ತದೆ’ ಅಂದರು. ಮನೆಯವರನ್ನೆಲ್ಲ ಕರೆದುಕೊಂಡು ಹೋದೆ.

ದೂರದಿಂದಲೇ ಸದ್ದು. ಪಟ್, ಪಟ್, ಪಟಪಟ ಅಂತ ನೂರಾರು ಚಪ್ಪಾಳೆ, ನಡುವೆ ಕೂಗಾಟ. ಅಂಗಳದ ತುಂಬ ಕೆಂಪು ಬಟ್ಟೆಯ ಬಿಕ್ಷುಗಳು. ಜೋಡಿ ಜೋಡಿಯಾಗಿ ಒಬ್ಬ ನೆಲದ ಮೇಲೆ ಕೂತಿದ್ದಾನೆ, ಇನ್ನೊಬ್ಬ ಅವನ ಮುಂದೆ ನಿಂತಿದ್ದಾನೆ. ನಿಂತವನು ಪ್ರಶ್ನೆ ಎಸೆಯುತ್ತಾನೆ. ಬಲಗೈ ಮೇಲೆತ್ತಿ, ಎಡಗಾಲು ನೆಲಕ್ಕೆ ಅಪ್ಪಳಿಸಿ, ಬಲಗೈಯನ್ನು ಎಡಗೈ ಮೇಲೆ ಪಟ್ ಅಂತ ಬಡಿಯುತ್ತಾನೆ. ಬಡಿತ ಕೂತವನ ಮುಖದ ಹತ್ತಿರಕ್ಕೇ ಬರುತ್ತದೆ. ನಮ್ಮ ಮಾವ, ಅಂದರೆ ನನ್ನ ಸೋದರಮಾವ, ‘ಇವರೇನು ಕರಾಟೆ ಕಲೀತಿದಾರೇನೋ?’ ಅಂತ ಕೇಳಿದರು.

ಕರಾಟೆ ಅಲ್ಲ, ತರ್ಕ. ಧರ್ಮಕೀರ್ತಿ, ಚಂದ್ರಕೀರ್ತಿ, ವಸುಬಂಧು ಮುಂತಾದ ಹಳೆಯ ಬೌದ್ಧ ಪಂಡಿತರ ಗ್ರಂಥಗಳನ್ನು ಬಾಯಿಪಾಠ ಮಾಡಿ, ಅದರ ಮೇಲೆ ದಿನಾ ಹೀಗೆ ವಾದ ಮಾಡಿ, ಹದಿನೈದು ಇಪ್ಪತ್ತು ವರ್ಷ ಸವೆಸಿದ ಮೇಲೆ ಸಿಗುವ ಪದವಿಗೆ ಗೆಶೆ ಅನ್ನುತ್ತಾರೆ. ಬಹಳ ಕಾಲ ಈ ಪದವಿ ಗಂಡಸರಿಗೆ ಮಾತ್ರ ಇತ್ತು. 2016ರ ಡಿಸೆಂಬರಿನಲ್ಲಿ ನಮ್ಮ ಮುಂಡಗೋಡಿನಲ್ಲೇ ಮೊದಲ ಸಲ 20 ಮಂದಿ ಸನ್ಯಾಸಿನಿಯರು ಗೆಶೆಮಾ ಪದವಿ ಪಡೆದರು. ಉತ್ತರ ಕನ್ನಡದ ಮುಂಡಗೋಡು, ಅಲ್ಲೂ ಟಿಬೆಟಿನವರ ದೊಡ್ಡ ನೆಲೆಯಿದೆ.

ಅಂಗಳದ ಅಂಚಿನಲ್ಲಿ ನಮ್ಮ ಹತ್ತಿರವೇ ಇಬ್ಬರು ಹುಡುಗರು. ಹದಿನಾಲ್ಕು ಹದಿನೈದು ವರ್ಷ ಇರಬಹುದು. ನಿಂತವನು ಏನೋ ಕೇಳಿದ. ಕೂತವನು ‘ದೋ’ ಅಂದ. ನಿಂತವನು ಇನ್ನೇನೋ ಕೇಳಿದ. ಕೂತವನು ತಲೆ ಕೆರೆದುಕೊಂಡ. ನಿಂತವನು ಜಪಮಾಲೆಯನ್ನು ಕೈಗೆ ಸುತ್ತಿಕೊಂಡು ‘ಛಿರ್! ಛಿರ್! ಛಿರ್!’ ಅಂತ ಕೂಗತೊಡಗಿದ. ಸುತ್ತ ನಿಂತ ಹುಡುಗರೂ ‘ಛಿರ್ ಛಿರ್’ ಅಂತ ಸೇರಿಕೊಂಡರು. ಕೂತವನು ಕೊನೆಗೂ ಏನೋ ಹೇಳಿದ. ತಕ್ಷಣ ನಿಂತವನು ಕೈ ಹಿಂದಕ್ಕೆ ಮಡಚಿ ಬಡಿದು ‘ತ್ಸಾ!’ ಅಂತ ಕಿರುಚಿದ. ಎಲ್ಲರೂ ಹೋ ಅಂತ ನಕ್ಕರು. ಕೂತವನು ಎಲ್ಲರಿಗಿಂತ ಜೋರಾಗಿ ನಕ್ಕ. ಆ ನಗುವನ್ನೇ ನಾನು ಮನೆಗೆ ತಂದಿದ್ದು.

ನಮ್ಮ ಪಕ್ಕದಲ್ಲಿ ಸ್ವಲ್ಪ ದೊಡ್ಡ ಬಿಕ್ಷು ಒಬ್ಬರು ನಿಂತಿದ್ದರು. ಏನಾಯಿತು ಅಂತ ಕೇಳಿದೆ. ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಬಿಡಿಸಿ ಹೇಳಿದರು. ಹುಡುಗರಿಗೆ ಇದು ಮೊದಮೊದಲ ಪಾಠ, ಬಣ್ಣದ ಪಾಠ. ಪ್ರಶ್ನೆ: ಬಿಳಿ ಕುದುರೆ ಬಿಳಿಯೇ? ಕೂತವನು ‘ದೋ’ ಅಂದ, ಅಂದರೆ ಒಪ್ಪಿದೆ. ಮುಂದಿನ ಪ್ರಶ್ನೆ: ಬಿಳಿ ಅನ್ನುವುದು ಬಣ್ಣ ತಾನೇ? ಅದಕ್ಕೂ ಒಪ್ಪಿದ. ಹಾಗಿದ್ದರೆ ಕುದುರೆ ಒಂದು ಬಣ್ಣ! ಸಿಕ್ಕಿಹಾಕಿಕೊಂಡ. ಕುದುರೆ ಪ್ರಾಣಿ. ಕುದುರೆಯ ಬಣ್ಣ ಬಿಳಿ ಅನ್ನಬೇಕು, ಕುದುರೆಯೇ ಬಿಳಿ ಅನ್ನಬಾರದು. ‘ತ್ಸಾ ಅಂದ್ರೆ?’ ಅಂತ ಕೇಳಿದೆ. ‘ನಾಚಿಕೆ ಆಗಬೇಕು ನಿಂಗೆ ಅನ್ನೋ ಥರ’ ಅಂದರು. ಸೋತಾಗ ಹಾಗೆ ಕೂಗಲೇಬೇಕಂತೆ, ಅದು ಆಟದ ನಿಯಮ.

ಉತ್ತರ ಕೊಡುವವನಿಗೆ ಬೇಕಾದ ಹಾಗೆ ಮಾತಾಡಲು ಬರುವುದಿಲ್ಲ. ಒಪ್ಪಿದೆ ಅನ್ನಬಹುದು. ಯಾಕೆ ಅಂತ ಕೇಳಬಹುದು. ನೀನು ಕೊಟ್ಟ ಕಾರಣವೇ ಸರಿಯಿಲ್ಲ ಅನ್ನಬಹುದು. ಕಾರಣ ಸರಿ, ಆದರೆ ಅದರಿಂದ ನೀನು ಹೇಳಿದ್ದು ಬರುವುದಿಲ್ಲ ಅನ್ನಬಹುದು. ಹೆಚ್ಚುಕಮ್ಮಿ ಅಷ್ಟೇ. ‘ನಿಮ್ಮಂಥವರಿಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ’ ಅನ್ನುವ ಉತ್ತರ ಪಟ್ಟಿಯಲ್ಲಿಲ್ಲ. ‘ಅನುಭವಕ್ಕೆ ಬರಬೇಕು, ಮಾತಲ್ಲಿ ಹೇಳಕ್ಕಾಗಲ್ಲ’ ಅನ್ನುವುದೂ ಇಲ್ಲ. ನಮ್ಮ ಕಡೆ ಅಧ್ಯಾತ್ಮದ ವಾದಗಳು ಈ ಎರಡರಲ್ಲಿ ಒಂದಕ್ಕೆ ಬಂದೇ ಮುಗಿಯುವುದು, ಅಲ್ವಾ?

ಆ ಬಿಕ್ಷು ಇನ್ನೊಂದು ಮಾತು ಹೇಳಿದರು. ‘ಈಗ ನಿಂತಿದ್ದಾನಲ್ಲ, ಆಮೇಲೆ ಅವನೇ ಕೂರ್ತಾನೆ.’ ನೋಡುತ್ತಿದ್ದ ಹಾಗೆ ಅದೂ ಆಯಿತು. ಕುದುರೆಯ ಹುಡುಗ ಎದ್ದ, ಬಟ್ಟೆ ಕೊಡವಿಕೊಂಡ. ಕಿರುಚಿದವನು ಕೂತ. ಈಗ ಇವನ ಚಪ್ಪಾಳೆ ಅವನ ಮೂಗಿನ ಹತ್ತಿರ.

ಬ್ರಹ್ಮನ ಪಿಸುಮಾತು

ವಾಪಸ್ ಬರುವಾಗ ಕಾರಿನಲ್ಲಿ ಮಾವನಿಗೆ ಒಂದು ಕಥೆ ಹೇಳಿದೆ. ಬುದ್ಧನ ಉಪದೇಶಗಳ ಹಳೆಯ ಪಾಳಿ ಸಂಗ್ರಹ ದೀಘನಿಕಾಯದ ಕೇವಟ್ಟ ಸುತ್ತದಲ್ಲಿ ಬರುವುದು. ಒಬ್ಬ ಬಿಕ್ಷುವಿಗೆ ಒಂದು ಪ್ರಶ್ನೆ ಕಾಡುತ್ತದೆ. ಮಣ್ಣು, ನೀರು, ಬೆಂಕಿ, ಗಾಳಿ ಈ ನಾಲ್ಕೂ ಪೂರ್ತಿ ಇಲ್ಲವಾಗುವುದು ಎಲ್ಲಿ? ಧ್ಯಾನದ ಬಲದಿಂದ ದೇವಲೋಕಕ್ಕೇ ಹೋಗುತ್ತಾನೆ. ಕೆಳಗಿನ ದೇವತೆಗಳು ‘ನಮಗೆ ಗೊತ್ತಿಲ್ಲ, ಮೇಲಿನವರನ್ನು ಕೇಳು’ ಅನ್ನುತ್ತಾರೆ. ಮೇಲಿನವರು ಇನ್ನೂ ಮೇಲಿನವರ ಹತ್ತಿರ ಕಳಿಸುತ್ತಾರೆ. ಥೇಟ್ ತಾಲೂಕು ಆಫೀಸು. ಟೇಬಲ್ಲಿಂದ ಟೇಬಲ್ಲಿಗೆ ಅಲೆದು ಕೊನೆಗೆ ಬ್ರಹ್ಮನ ಮುಂದೆ ನಿಲ್ಲುತ್ತಾನೆ. ದೊಡ್ಡ ಬೆಳಕು, ಬ್ರಹ್ಮ ಪ್ರತ್ಯಕ್ಷ. ಪ್ರಶ್ನೆ ಕೇಳಿದರೆ ಬ್ರಹ್ಮ ಹೇಳುತ್ತಾನೆ, ನಾನು ಬ್ರಹ್ಮ, ಮಹಾಬ್ರಹ್ಮ, ಯಾರಿಗೂ ಸೋಲದವನು, ಎಲ್ಲ ಕಾಣುವವನು, ಎಲ್ಲ ಸೃಷ್ಟಿಸಿದವನು. ಬಿಕ್ಷು, ‘ನೀವು ಯಾರು ಅಂತ ನಾನು ಕೇಳಲಿಲ್ಲ, ನಾಲ್ಕು ಭೂತ ಎಲ್ಲಿ ಇಲ್ಲವಾಗುತ್ತೆ ಅಂತ ಕೇಳಿದೆ’ ಅನ್ನುತ್ತಾನೆ. ಬ್ರಹ್ಮ ಮತ್ತೆ ಅದೇ ಬಿರುದಾವಳಿ. ಮೂರನೇ ಸಲ ಕೇಳಿದಾಗ ಬ್ರಹ್ಮ ಬಿಕ್ಷುವಿನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗುತ್ತಾನೆ. ಈ ದೇವತೆಗಳೆಲ್ಲ ನನಗೆ ಗೊತ್ತಿಲ್ಲದ್ದೇ ಇಲ್ಲ ಅಂದುಕೊಂಡಿದ್ದಾರೆ, ಅದಕ್ಕೇ ಅವರ ಮುಂದೆ ಹೇಳಲಿಲ್ಲ. ನನಗೂ ಗೊತ್ತಿಲ್ಲ. ಬುದ್ಧನನ್ನು ಬಿಟ್ಟು ಇಲ್ಲಿಗ್ಯಾಕೆ ಬಂದೆ, ಹೋಗಿ ಅವನನ್ನೇ ಕೇಳು!

ಮಾವ ದಿನಾ ಸಂಧ್ಯಾವಂದನೆ ಮಾಡುವವರು. ಕಥೆ ಮುಗಿದ ಮೇಲೆ ಸ್ವಲ್ಪ ಹೊತ್ತು ಕಿಟಕಿ ಹೊರಗೆ ನೋಡಿದರು. ನನಗೆ ಅಳುಕು. ‘ಆಮೇಲೆ ಬುದ್ಧ ಏನಂದ?’ ಅಂತ ಕೇಳಿದರು. ‘ನೀನು ಪ್ರಶ್ನೆಯನ್ನೇ ಸರಿಯಾಗಿ ಕೇಳಿಲ್ಲ ಅಂತ ಹೇಳಿ, ಪ್ರಶ್ನೆ ತಿದ್ದಿ ಉತ್ತರ ಕೊಟ್ಟ’ ಅಂದೆ. ಮಾವ ತೊಡೆ ತಟ್ಟಿಕೊಂಡು ನಕ್ಕರು. ‘ನೋಡಿದ್ಯಾ? ನಮ್ಮ ಬ್ರಹ್ಮ ಪ್ರಾಮಾಣಿಕ ಕಣೋ. ಗೊತ್ತಿಲ್ಲ ಅಂತ ಒಪ್ಕೊಂಡ. ನಿಮ್ಮ ಬುದ್ಧ ಪ್ರಶ್ನೆ ಪತ್ರಿಕೇನೇ ಬದಲಾಯಿಸಿಬಿಟ್ಟ!’

ತ್ಸಾ. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿಳಿಕೆರೆ ದಾಟುವವರೆಗೂ ಯೋಚಿಸಿದೆ.

ಮಾವನ ಹತ್ತಿರ ಇನ್ನೊಂದು ಅಸ್ತ್ರ ಯಾವಾಗಲೂ ಇರುತ್ತದೆ. ಬೌದ್ಧರ ಬಗ್ಗೆ ಏನೇ ಹೇಳಿ, ‘ಅದೆಲ್ಲ ನಮ್ಮ ಉಪನಿಷತ್ತಲ್ಲೇ ಇತ್ತಪ್ಪ’ ಅನ್ನುತ್ತಾರೆ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರಬೇಕು. ಈ ಮಾತಿಗೆ ಎಷ್ಟು ವಯಸ್ಸು ಅಂತ ಗೊತ್ತಾದ ದಿನ ನಾನು ಬಹಳ ನಕ್ಕಿದ್ದೆ. ಕಂಚಿಯ ಪಲ್ಲವ ದೊರೆ ಮಹೇಂದ್ರವರ್ಮ ಏಳನೇ ಶತಮಾನದ ಶುರುವಿನಲ್ಲಿ ಮತ್ತವಿಲಾಸ ಅಂತ ಒಂದು ಪ್ರಹಸನ ಬರೆದ. ನಮ್ಮ ಬಾದಾಮಿಯ ಎರಡನೇ ಪುಲಕೇಶಿಯ ಜೊತೆ ಯುದ್ಧ ಮಾಡಿದನಲ್ಲ, ಅವನೇ. ಪುಲಕೇಶಿಯ ಸೈನ್ಯ ಎಬ್ಬಿಸಿದ ಧೂಳಿಗೆ ಪಲ್ಲವ ರಾಜ ಕಂಚಿಯ ಕೋಟೆಯೊಳಗೆ ಅಡಗಿಕೊಂಡ ಅಂತ ಐಹೊಳೆ ಶಾಸನ ಹೀಯಾಳಿಸುತ್ತದೆ. ಯುದ್ಧದಲ್ಲಿ ಏನಾಯಿತೋ, ನಾಟಕ ಬರೆಯುವುದರಲ್ಲಿ ಮಹೇಂದ್ರ ಗಟ್ಟಿಗ.

ನಾಟಕದಲ್ಲಿ ಒಬ್ಬ ಕುಡುಕ ಕಾಪಾಲಿಕ, ತಲೆಬುರುಡೆ ಹಿಡಿದು ಭಿಕ್ಷೆ ಬೇಡುವ ಶೈವ ಸನ್ಯಾಸಿ. ಅವನ ಭಿಕ್ಷಾಪಾತ್ರೆ, ಅಂದರೆ ತಲೆಬುರುಡೆ, ಕಳೆದುಹೋಗಿದೆ. ದಾರಿಯಲ್ಲಿ ಸಿಕ್ಕ ಬೌದ್ಧ ಬಿಕ್ಷುವೇ ಕದ್ದಿದ್ದು ಅಂತ ಹಿಡಿದುಕೊಳ್ಳುತ್ತಾನೆ. ಆ ಬಿಕ್ಷುವೋ, ಇಷ್ಟೆಲ್ಲ ಕರುಣೆ ಇರುವ ಬುದ್ಧ ಹೆಂಡ ಮತ್ತು ಹೆಂಗಸಿಗೆ ಯಾಕೆ ಅನುಮತಿ ಕೊಡಲಿಲ್ಲ, ಆ ಭಾಗವನ್ನು ಮುದಿ ಬಿಕ್ಷುಗಳೇ ಹೊಟ್ಟೆಕಿಚ್ಚಿಗೆ ಮುಚ್ಚಿಟ್ಟಿರಬೇಕು ಅಂತ ಗೊಣಗುತ್ತಾ ಬರುತ್ತಿರುವವನು. ಕಾಪಾಲಿಕ ಅವನನ್ನು ಹೇಗೆ ಹಂಗಿಸುತ್ತಾನೆ ಗೊತ್ತಾ? ವೇದಾಂತದಿಂದ, ಮಹಾಭಾರತದಿಂದ ವಿಚಾರ ಕದ್ದು ಭಂಡಾರ ತುಂಬಿಕೊಂಡವನು ನಿಮ್ಮ ಬುದ್ಧ, ಅವನ ಶಿಷ್ಯನಿಗೆ ಒಂದು ಬುರುಡೆ ಕದಿಯುವುದು ದೊಡ್ಡದಾ ಅಂತ. 1,400 ವರ್ಷವಾಯಿತು, ಮಾವ ಇನ್ನೂ ಅದನ್ನೇ ಹೇಳುತ್ತಿದ್ದಾರೆ. ಕೊನೆಗೆ ಬುರುಡೆ ಕದ್ದಿದ್ದು ನಾಯಿ ಅಂತ ಗೊತ್ತಾಗುತ್ತದೆ.

ಮಹೇಂದ್ರ ಶೈವ. ಆದರೆ ನಾಟಕದಲ್ಲಿ ಎಲ್ಲರಿಗಿಂತ ಜಾಸ್ತಿ ಬಯಲಾಗುವವನು ಶಿವನ ಹೆಸರು ಹೇಳುವ ಆ ಕಾಪಾಲಿಕನೇ. ಪಂಚಾಯ್ತಿಗೆ ಬರುವ ಪಾಶುಪತನೂ ಶೈವನೇ, ಅವನ ಮನಸ್ಸಲ್ಲೂ ಬೇರೆ ಲೆಕ್ಕ. ತನ್ನವರನ್ನು ಹೊರಗಿಟ್ಟು ಬೌದ್ಧನೊಬ್ಬನನ್ನೇ ಆಡಿಕೊಂಡಿದ್ದರೆ ಈ ನಾಟಕ ಇಷ್ಟು ದಿನ ನಗಿಸುತ್ತಿತ್ತಾ? ನನಗೆ ಅನುಮಾನ.

ಚೊಂಬಿನ ನೀರು

ನಗು ಇಲ್ಲದ ಜಗಳವೂ ಬೌದ್ಧರಲ್ಲಿ ಬೇಕಾದಷ್ಟಿದೆ. ಬುದ್ಧನ ಕಾಲದಲ್ಲಿ ಕೋಸಂಬಿ ಅನ್ನುವ ಊರಿನ ಬಿಕ್ಷುಗಳ ಜಗಳ ಶುರುವಾಗಿದ್ದು ಪಾಯಿಖಾನೆಯಲ್ಲಿ. ಹಳೆಯ ವ್ಯಾಖ್ಯಾನಗಳು ಹಾಗೇ ಹೇಳುತ್ತವೆ. ಒಬ್ಬ ಬಿಕ್ಷು ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ ಬಂದ. ಇನ್ನೊಬ್ಬ, ಹಾಗೆ ಉಳಿಸುವುದು ನಿಯಮದ ಪ್ರಕಾರ ತಪ್ಪು ಅಂದ. ಗೊತ್ತಿರಲಿಲ್ಲ, ಹಾಗಿದ್ದರೆ ತಪ್ಪೊಪ್ಪಿಕೊಳ್ಳುತ್ತೇನೆ ಅಂದ ಮೊದಲನೆಯವನು. ಬೇಕಂತ ಮಾಡಿಲ್ಲವಲ್ಲ, ಬಿಡಿ ಅಂದ ಎರಡನೆಯವನು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎರಡನೆಯವನು ಹೋಗಿ ತನ್ನ ಶಿಷ್ಯರ ಹತ್ತಿರ, ‘ಅವನಿಗೆ ತಪ್ಪು ಮಾಡಿದ್ದೂ ಗೊತ್ತಾಗಲ್ಲ’ ಅಂತ ಹೇಳಿಬಿಟ್ಟ. ಸಂಘ ಎರಡಾಯಿತು. ಬುದ್ಧನೇ ಬಂದು ಬುದ್ಧಿ ಹೇಳಿದರೆ ಬಿಕ್ಷುಗಳು, ನೀವು ನೆಮ್ಮದಿಯಾಗಿರಿ, ಈ ಜಗಳ ನಾವು ನೋಡಿಕೊಳ್ಳುತ್ತೇವೆ ಅಂದರಂತೆ. ಬುದ್ಧ ಪಾರಿಲೆಯ್ಯಕದ ಕಾಡಿಗೆ ಹೋಗಿ ಒಂದು ಆನೆಯ ಜೊತೆ ಇದ್ದ. ಕೊನೆಗೆ ಜಗಳ ನಿಂತಿದ್ದು ಧ್ಯಾನದಿಂದಲ್ಲ. ಊರವರು ಅನ್ನ ಹಾಕುವುದು ನಿಲ್ಲಿಸಿದರು, ಅದರಿಂದ.

ಇನ್ನೊಂದು ಕಡೆ ಅತಿ ನಗುವಿಗೂ ನಿಯಮವಿದೆ. ಬಿಕ್ಷು ಇನ್ನೊಬ್ಬರಿಗೆ ಬೆರಳಿನಿಂದ ಕಚಗುಳಿ ಇಡುವಂತಿಲ್ಲ! ಯಾಕೆಂದರೆ ಯಾರೋ ತುಂಟ ಬಿಕ್ಷುಗಳು ಕಚಗುಳಿ ಇಟ್ಟು ಒಬ್ಬ ಉಸಿರು ಕಟ್ಟಿ ಸತ್ತೇ ಹೋದ ಅಂತ ಬಿಕ್ಷುಗಳ ನಿಯಮದ ಗ್ರಂಥ ವಿನಯದಲ್ಲಿ ಕಥೆ ಇದೆ. ನಗಬೇಡ ಅಂದಿದ್ದಲ್ಲ ಅದು. ಎದುರಿನವನಿಗೆ ಉಸಿರಾಡಲು ಬಿಡದ ಹಾಗೆ ನಗಿಸಬೇಡ ಅಂದಿದ್ದು. ಅದನ್ನು ಓದಿದಾಗ ನನಗೆ ಹೋಳಿಗೆ ಊಟ ನೆನಪಾಯಿತು.

ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಇದೇ ವಿಷಯಕ್ಕೆ ಒಂದು ಕಲ್ಲೇ ಇದೆ. ಭೀಮಾ ನದಿ ದಡದ ಚಂದ್ರಲಾಂಬ ದೇವಸ್ಥಾನದ ಆವರಣದಲ್ಲಿ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ವಿಗ್ರಹದ ಪೀಠವಾಗಿದ್ದ ಚಪ್ಪಡಿಯಲ್ಲಿ ಬ್ರಾಹ್ಮಿ ಅಕ್ಷರ ಕಂಡವು. ಅಶೋಕನ ಶಾಸನ. ಅದರಲ್ಲೊಂದು ಅವನ ಹನ್ನೆರಡನೇ ಬಂಡೆ ಶಾಸನ. ಎಲ್ಲ ಪಂಥಗಳಿಗೂ ಮರ್ಯಾದೆ ಕೊಡಿ, ನಾಲಿಗೆ ಹಿಡಿತದಲ್ಲಿರಲಿ, ಸುಮ್ಮಸುಮ್ಮನೆ ನಿಮ್ಮದನ್ನು ಹೊಗಳಿಕೊಂಡು ಬೇರೆಯವರದನ್ನು ತೆಗಳಬೇಡಿ, ಸಂದರ್ಭ ಬಂದರೂ ಹಗುರವಾಗಿ ಹೇಳಿ, ಹಾಗೆ ತೆಗಳುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ ಅನ್ನುವುದು ಅದರ ತಾತ್ಪರ್ಯ. ಆ ಕಲ್ಲಿನ ನಡುವೆ ತೂತು ಕೊರೆದು ವಿಗ್ರಹ ಕೂರಿಸಿದ್ದರು. ಬೇರೆ ಪಂಥವನ್ನು ಗೌರವಿಸಿ ಅಂದ ಕಲ್ಲು ಬೇರೆ ಪಂಥದ ದೇವಿಯನ್ನು ಹೊತ್ತುಕೊಂಡೇ ಕೂತಿತ್ತು. ಇದಕ್ಕೆ ನಗಬೇಕೋ ಕೈ ಮುಗಿಯಬೇಕೋ ನೀವೇ ಹೇಳಿ.

ಅಶೋಕನ ಮಾತಿಗೆ ಎದುರಾಡುವಂತಿಲ್ಲ. ಆದರೂ ನನಗೆ ಅದರಲ್ಲಿ ಏನೋ ಕಮ್ಮಿ ಅನ್ನಿಸುತ್ತದೆ. ಅದು ಸಿಂಹಾಸನದ ಮೇಲಿಂದ ಬಂದ ಮಾತು. ಎಲ್ಲರೂ ಮೆಲ್ಲಗೆ ಮಾತಾಡಿ ಅಂದರೆ ಕೊನೆಗೆ ಯಾರೂ ಮಾತಾಡದೇ ಉಳಿಯುವುದೇ ಜಾಸ್ತಿ. ನನ್ನ ಗೆಳೆಯ ಮೂರು ವರ್ಷ ನನ್ನ ಜೊತೆ ಹಾಗೇ ಇದ್ದ, ಸಭ್ಯವಾಗಿ. ಅದಕ್ಕಿಂತ, ‘ನಾಚಿಕೆಗೇಡು’ ಅಂತ ಮುಖದ ಮುಂದೆ ಚಪ್ಪಾಳೆ ಬಡಿಯುವ ಬೈಲಕುಪ್ಪೆಯ ಅಂಗಳವೇ ವಾಸಿ. ಅಲ್ಲಿ ಬೈಗುಳ ಬೀಳುವುದು ಉತ್ತರ ಬಂದ ಮೇಲೆ. ‘ಛಿರ್ ಛಿರ್’ ಅಂತ ಎಷ್ಟೇ ಕಾಡಿದರೂ ಕೂತವನು ಹೇಳುವ ತನಕ ಕಾಯುತ್ತಾರೆ. ನಾನು ಕಾಯಲಿಲ್ಲ. ನಿಜ ಹೇಳಬೇಕೆಂದರೆ ಅವನ ಹತ್ತಿರ ಉತ್ತರ ಇದ್ದುಬಿಟ್ಟರೆ ಅಂತ ಒಳಗೊಳಗೇ ಹೆದರಿಕೆಯಾಗಿತ್ತು. ಜೋಕ್ ಬಂದಿದ್ದು ಆ ಹೆದರಿಕೆಗೆ.

ಕೂರುವ ಸರದಿ

ಹೋದ ತಿಂಗಳು ಅವನು ಮನೆಗೆ ಬಂದಿದ್ದ. ಹೆಂಡತಿ ಮಕ್ಕಳು ಊರಿಗೆ ಹೋಗಿದ್ದರು. ನಾನೇ ಕಾಫಿ ಮಾಡಿದೆ, ಡಿಕಾಕ್ಷನ್ ಸ್ವಲ್ಪ ನೀರಾಗಿತ್ತು. ಕ್ಷಮೆ ಕೇಳುವುದು ನನಗೆ ಸರಿಯಾಗಿ ಬರುವುದಿಲ್ಲ, ಅದಕ್ಕೆ ಬೈಲಕುಪ್ಪೆಯ ಕಥೆ ಹೇಳಿದೆ. ಬಿಳಿ ಕುದುರೆ, ಛಿರ್ ಛಿರ್, ತ್ಸಾ ಎಲ್ಲ. ಎದ್ದು ನಿಂತು ಚಪ್ಪಾಳೆ ಬಡಿದು ತೋರಿಸಿದೆ. ಅವನು ಬಹಳ ನಕ್ಕ. ಆಮೇಲೆ ಹೇಳಿದೆ, ‘ಅವತ್ತು ಒಂದು ಪ್ರಶ್ನೆ ಕೇಳಿದ್ದೆ ನಿಂಗೆ. ಉತ್ತರ ಹೇಳಕ್ಕೆ ಬಿಡಲಿಲ್ಲ. ಈಗ ಹೇಳು.’

‘ಯಾವುದು? ನೋಡಿದವನು ಯಾರು ಅನ್ನೋದಾ?’ ಅಂದ. ಮರೆತಿರಲಿಲ್ಲ! ಲೋಟ ಕೆಳಗಿಟ್ಟ. ‘ಅವತ್ತು ಏನೋ ಹೇಳಕ್ಕೆ ಹೊರಟಿದ್ದೆ ಕಣೋ. ಅದು ತಪ್ಪು ಅಂತ ಆಮೇಲೆ ಗೊತ್ತಾಯ್ತು. ಈಗಲೂ ದಿನಾ ಬೆಳಿಗ್ಗೆ ಕೂರ್ತೀನಿ. ಗೊತ್ತಿಲ್ಲ.’

‘ಗೊತ್ತಿಲ್ಲ ಅಂದ್ರೆ?’

‘ಅಂದ್ರೆ ಗೊತ್ತಿಲ್ಲ. ನಿನ್ನ ಪ್ರಕಾರ ಯಾರು?’

ನಾನು ಇನ್ನೂ ನಿಂತೇ ಇದ್ದೆ, ಚಪ್ಪಾಳೆ ಬಡಿದ ಜಾಗದಲ್ಲೇ. ಈ ವಿಷಯದಲ್ಲಿ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಇಷ್ಟೆಲ್ಲ ಓದಿದ್ದೀನಿ, ಏನಾದರೂ ಇರಬೇಕು ಅಂತ ತಡಕಾಡಿದೆ. ಬಾಯಿಗೆ ಬಂದಿದ್ದು ಒಂದು ಜೋಕ್. ಚೆನ್ನಾಗಿಯೇ ಇತ್ತು, ಹೇಳಲಿಲ್ಲ. ಅವನು ಎದ್ದ. ನನ್ನ ಭುಜ ಹಿಡಿದು ಕುರ್ಚಿ ಮೇಲೆ ಕೂರಿಸಿದ. ಸೊಂಟಕ್ಕೆ ಟವೆಲ್ ಬಿಗಿದುಕೊಂಡು, ಬಲಗೈ ಮೇಲೆತ್ತಿ, ತಪ್ಪು ಕಾಲನ್ನು ನೆಲಕ್ಕೆ ಬಡಿದು, ನನ್ನ ಮೂಗಿನ ಮುಂದೆ ಪಟ್ ಅಂತ ಒಂದು ಬಾರಿಸಿದ.

‘ಛಿರ್! ಛಿರ್! ಛಿರ್!’

ಕೆಳಗಿನ ಮನೆಯವರು ಏನಾಯ್ತು ಅಂತ ಕೇಳಲು ಮೇಲೆ ಬಂದರು.